ಬಣ್ಣ ಬಳಿಯದ ಕೊಡಲಿ

ಕೊಡಲಿಯ ಕಾವು ಕುಲಕ್ಕೆ ಮೃತ್ಯು ಎಂಬ ಗಾದೆ ಕನ್ನಡನಾಡಿನಲ್ಲಿ ಹಳೆಯದು. ಮರವನ್ನು ಕಡಿಯುವ ಕೊಡಲಿಗೆ ಮರವೇ ಹಿಡಿಯಾಯಿತಲ್ಲ ಎಂಬ ವ್ಯಥೆ ಆ ಮಾತಿನಲ್ಲಿದೆ. ಆದರೆ ಕೊಡಲಿ ಕೊಳ್ಳಲು ಹೊರಟವರು ಅದರಲ್ಲಿ ಇನ್ನೊಂದು ಎಚ್ಚರಿಕೆಯನ್ನೂ ಕಾಣಬಹುದು. ಕಾವು ಕೆಟ್ಟದಾಗಿದ್ದರೆ ಮೃತ್ಯು ಮರದ ಕುಲವನ್ನು ಬಿಟ್ಟು ಮನುಷ್ಯನ ಕಡೆಗೇ ತಿರುಗುತ್ತದೆ. ಬೀಸಿದ ಹೊತ್ತಿನಲ್ಲಿ ಕಾವಿನಿಂದ ಕಳಚಿಕೊಂಡ ಕಬ್ಬಿಣ ಎತ್ತ ಹಾರುವುದೆಂದು ಯಾರು ಹೇಳಬಲ್ಲರು?

ಅಡುಗೆಮನೆಗೆ ಗ್ಯಾಸಿನ ಒಲೆ ಬಂದಂದಿನಿಂದ ಪಟ್ಟಣದ ಸಂಸಾರಗಳಲ್ಲಿ ಸೌದೆ ಒಡೆಯುವ ಕೊಡಲಿ ಮೂಲೆ ಸೇರಿತು. ಕೊಡಲಿಯನ್ನು ನೋಡಿ ಆರಿಸುವ ಕಣ್ಣೂ ಅದರೊಡನೆಯೇ ಮರೆಯಾಯಿತು. ಈಗ ಮನೆಯ ಮಕ್ಕಳು ಡೇರೆ ಹೊತ್ತು ಬೆಟ್ಟಗಳಿಗೆ ಹೊರಡುತ್ತಾರೆ. ಹಿರಿಯರು ಊರಾಚೆ ಒಂದಿಷ್ಟು ತೋಟ ಮಾಡುತ್ತಾರೆ. ಮತ್ತೆ ಕೊಡಲಿ ಬೇಕಾಗುತ್ತದೆ. ಅಂಗಡಿಗೆ ಹೋದವರು ಸಾಲಿನಲ್ಲಿ ಅತ್ಯಂತ ಹೆಚ್ಚು ಥಳಥಳಿಸುವುದನ್ನೇ ಎತ್ತಿಕೊಂಡು ಬರುತ್ತಾರೆ. ಥಳಕಿಗೂ ಗುಣಕ್ಕೂ ನಂಟಿಲ್ಲವೆಂಬುದಕ್ಕೆ ಸ್ವೀಡನ್ ದೇಶದ ಒಂದು ಹಳ್ಳಿಯ ಕುಲುಮೆ ಸಾಕ್ಷಿಯಾಗಿದೆ.

ಅಕ್ಕಸಾಲಿಗನಂತೆ ಗುರುತೊತ್ತುವ ಕಮ್ಮಾರ

ಸ್ವೀಡನ್ ಕಾಡುಗಳ ನಾಡು. ಅಲ್ಲಿನ ನೆಲದಲ್ಲಿ ಮೂರರಲ್ಲಿ ಎರಡು ಪಾಲು ಅರಣ್ಯವೇ. ಕಬ್ಬಿಣದ ಅದಿರೂ ಹೇರಳ. ಕೊಡಲಿಯ ಕಸುಬು ಅಲ್ಲಿ ಬೇರೂರಿದುದರಲ್ಲಿ ಆಶ್ಚರ್ಯವಿಲ್ಲ. ಹುಲ್ಟ್ಸ್ ಬ್ರೂಕ್ ಎಂಬ ಕಾರ್ಖಾನೆ 1697ರಷ್ಟು ಹಿಂದಿನದು. ಹೆಲ್ಸಿಂಗ್‌ಲೆಂಡ್ ಪ್ರಾಂತದ ಗ್ರೆನ್ಸ್‌ಫೋರ್ಸ್ ಎಂಬ ಹಳ್ಳಿಯಲ್ಲಿ 1902ರಿಂದ ಕೊಡಲಿಗಳು ತಯಾರಾಗುತ್ತಿವೆ.

ಯಂತ್ರದ ಗರಗಸ ಕಾಡಿಗೆ ಕಾಲಿಟ್ಟ ಮೇಲೆ ಕೊಡಲಿಗೆ ಬೇಡಿಕೆ ಕುಗ್ಗಿತು. 1980ರ ದಶಕದಲ್ಲಿ ಗ್ರೆನ್ಸ್‌ಫೋರ್ಸಿನ ಕುಲುಮೆ ಕಷ್ಟಕ್ಕೆ ಸಿಲುಕಿದ್ದಾಗ ಗೇಬ್ರಿಯಲ್ ಬ್ರೋನ್‌ಬಿ ಎಂಬವರು ಅದನ್ನು ವಹಿಸಿಕೊಂಡರು. ಕಮ್ಮಾರರಿಗೆ ಆಗ ಬಡಿದ ಕೊಡಲಿಗಳ ಲೆಕ್ಕದ ಮೇಲೆ ಕೂಲಿ ಸಲ್ಲುತ್ತಿತ್ತು. ಲೆಕ್ಕ ಹೆಚ್ಚಬೇಕಾದರೆ ಕೈ ಅವಸರಪಡಬೇಕು. ಅವಸರದ ಕೆಲಸದಲ್ಲಿ ಕುಂದು ಉಳಿಯುವುದು ಸಹಜ. ಆ ಕುಂದನ್ನು ಮುಚ್ಚಲು ಉಜ್ಜುವುದು, ಹೊಳಪು ಕೊಡುವುದು, ಬಣ್ಣ ಬಳಿಯುವುದು ನಡೆಯುತ್ತಿತ್ತು. ಬ್ರೋನ್‌ಬಿಯವರು ಈ ಪದ್ಧತಿಯನ್ನೇ ಕೈಬಿಟ್ಟರು. ಕಮ್ಮಾರನು ಬೇಕಾದಷ್ಟು ಹೊತ್ತು ತೆಗೆದುಕೊಂಡು ಚೆನ್ನಾಗಿ ಬಡಿದರೆ ಮುಚ್ಚಿಡಬೇಕಾದ ದೋಷವಾದರೂ ಎಲ್ಲಿಯದು? ಅಂದಿನಿಂದ ಅಲ್ಲಿನ ಕೊಡಲಿಗಳು ಸುತ್ತಿಗೆಯ ಏಟಿನ ಗುರುತುಗಳೊಡನೆಯೇ, ಕಪ್ಪಗೆ, ಒರಟಾಗಿ ಹೊರಬರುತ್ತವೆ. ತನಗೆ ತೃಪ್ತಿಯಾದ ಕೊಡಲಿಯ ಮೇಲೆ ಕಮ್ಮಾರನು ತನ್ನ ಹೆಸರಿನ ಮೊದಲಕ್ಷರಗಳನ್ನು ಒತ್ತುತ್ತಾನೆ.

ಈ ಕೊಡಲಿಗಳು ಅಗ್ಗವಲ್ಲ. ಎಲ್ಲರೂ ಅವನ್ನೇ ಕೊಳ್ಳಬೇಕೆಂದೂ ಇಲ್ಲ. ಮುಚ್ಚುಮರೆಯಿಲ್ಲದ ಕೊಡಲಿಯನ್ನು ಹುಡುಕಬೇಕೆಂಬ ಪಾಠ ಮಾತ್ರ ಎಲ್ಲ ಅಂಗಡಿಗೂ ಸಲ್ಲುವಂಥದು.

ಕೈಗೆತ್ತಿಕೊಂಡು ನೋಡಬೇಕಾದುದು

ಮೊದಲು ಕಾವು. ಬಣ್ಣ ಬಳಿದ ಕಾವನ್ನು ದೂರವಿಡುವುದೇ ಲೇಸು, ಏಕೆಂದರೆ ಅದರ ಕೆಳಗಿನ ಗಂಟಾಗಲಿ ಬಿರುಕಾಗಲಿ ಕಾಣುವುದಿಲ್ಲ. ಕಾವಿನ ತುದಿಯನ್ನು ಕಣ್ಣೆದುರಿಗೆ ಹಿಡಿದರೆ ಮರದ ಎಳೆಗಳು ಗೆರೆಗೆರೆಯಾಗಿ ತೋರುತ್ತವೆ. ಆ ಗೆರೆಗಳು ಕೊಡಲಿಯ ಬಾಯಿ ಇರುವ ದಿಕ್ಕಿನಲ್ಲೇ ಓಡಿದ್ದರೆ ಕಾವು ಗಟ್ಟಿ. ಅಡ್ಡಲಾಗಿ ಓಡಿದ್ದರೆ ಸೀಳುವ ಭಯ ಹೆಚ್ಚು. ಪಕ್ಕದಿಂದ ನೋಡಿದಾಗಲೂ ಎಳೆಗಳು ನಡುವೆಯೇ ಹೊರಗೆ ಹರಿದುಹೋಗದೆ ಉದ್ದಕ್ಕೂ ಸಾಗಿರಬೇಕು. ಅಮೆರಿಕದ ಹಿಕರಿ ಮರ ಏಟಿನ ಅದಿರನ್ನು ತಾನೇ ನುಂಗಿಕೊಳ್ಳುವುದರಿಂದ ಕಾವಿಗೆ ಹೆಸರಾಗಿದೆ.

ಎರಡನೆಯದು ಜೋಡಣೆ. ಕಾವಿನ ಬುಡದಿಂದ ನೇರವಾಗಿ ದೃಷ್ಟಿಯಿಟ್ಟು ನೋಡಿದರೆ ಬಾಯಿ ಕಾವಿನ ನಡುಗೆರೆಗೆ ಸರಿಯಾಗಿ ನಿಂತಿರಬೇಕು. ಕಾವು ತೂತನ್ನು ಸಂದಿಲ್ಲದಂತೆ ತುಂಬಿ, ಬೆಣೆ ಬಿಗಿಯಾಗಿ ಕುಳಿತಿರಬೇಕು. ಫಿನ್ಲೆಂಡಿನ ಫಿಸ್ಕಾರ್ಸ್‌ನಂಥ ಸಂಸ್ಥೆಗಳು ಗಾಜಿನ ನೂಲು ಬೆರೆಸಿದ ಪ್ಲಾಸ್ಟಿಕ್ಕಿನ ಕಾವನ್ನು ಕಬ್ಬಿಣದ ಸುತ್ತ ಎರಕ ಹೊಯ್ದು ಕೂಡಿಸುತ್ತವೆ. ಅದು ಸುಲಭಕ್ಕೆ ಕಳಚುವುದಿಲ್ಲ. ಆದರೆ ಮುರಿದರೆ ಮನೆಯಲ್ಲಿ ಹೊಸ ಕಾವು ಹಾಕಿಕೊಳ್ಳಲೂ ಆಗುವುದಿಲ್ಲ.

ಮೂರನೆಯದು ಹದ. ಒಳ್ಳೆಯ ಕೊಡಲಿಯಲ್ಲಿ ಬಾಯಿಗೆ ಮಾತ್ರ ಹದ ಕೊಟ್ಟು ಗಡುಸು ಮಾಡಿರುತ್ತಾರೆ. ಹಿಂಬದಿ ಮೆದುವಾಗಿಯೇ ಉಳಿದಿರುತ್ತದೆ. ಆದುದರಿಂದ ಹಿಂಬದಿಯಿಂದ ಕಬ್ಬಿಣದ ಬೆಣೆಗಳನ್ನು ಹೊಡೆಯಬಾರದು, ಅದು ಜಜ್ಜಿಹೋಗುತ್ತದೆ. ಬಾಯಿ ತೀರ ಗಡುಸಾದರೆ ಚಕ್ಕೆಯೇಳುತ್ತದೆ. ತೀರ ಮೆದುವಾದರೆ ಮಡಿಚಿಕೊಳ್ಳುತ್ತದೆ. ಹಿಮದ ನಾಡುಗಳಲ್ಲಿ ಕಡುಚಳಿಗೆ ಉಕ್ಕು ಪೆಡಸಾಗುವುದರಿಂದ ಕಾಡಿನವರು ಬಾಯಿಯನ್ನು ತುಸು ಬೆಚ್ಚಗೆ ಮಾಡಿಕೊಂಡೇ ಮೊದಲ ಏಟು ಹಾಕುತ್ತಾರೆ.

ಇನ್ನು ಗಾತ್ರ. ಚಿಕ್ಕ ಕೊಡಲಿ ಅಪಾಯವಿಲ್ಲದ್ದು ಎಂದು ಅನೇಕರು ತಿಳಿಯುತ್ತಾರೆ. ವಸ್ತುಸ್ಥಿತಿ ಬೇರೆ. ನಿಂತು ಬೀಸಿದ ಉದ್ದ ಕಾವಿನ ಕೊಡಲಿ ಗುರಿ ತಪ್ಪಿದರೆ ಬಹುಮಟ್ಟಿಗೆ ನೆಲಕ್ಕೆ ಬೀಳುತ್ತದೆ. ಗಿಡ್ಡ ಕಾವಿನದು ಅದೇ ಸುತ್ತಿನಲ್ಲಿ ಬಂದು ಮೊಣಕಾಲಿಗೋ ಕಣಕಾಲಿಗೋ ತಾಗುತ್ತದೆ. ಕೈಗೊಡಲಿಯಿಂದ ಕೆಲಸ ಮಾಡುವವರು ಮಂಡಿಯೂರಿ ಕುಳಿತು, ಮರದ ತುಂಡನ್ನು ದಿಮ್ಮಿಯೊಂದರ ಮೇಲಿಟ್ಟು ಕಡಿಯಬೇಕು. ಸುಮಾರು ಅರ್ಧ ಮೀಟರ್ ಕಾವು, ಒಟ್ಟು ಒಂದು ಕಿಲೋಗ್ರಾಮಿನೊಳಗಿನ ತೂಕ, ಬಾಯಿಗೆ ಚರ್ಮದ ಒರೆ—ಹೊತ್ತು ನಡೆಯುವವರಿಗೆ ಇಷ್ಟು ಸಾಕು. ಸೌದೆ ಸೀಳುವುದಕ್ಕಾದರೆ ದಪ್ಪ ಕೆನ್ನೆಯ, ಭಾರವಾದ ಕೊಡಲಿಯೇ ಬೇಕು.

ಎಳೆದಾಗ ಕೊಯ್ಯುವ ಗರಗಸ

ನಿಜವಾಗಿ ನೋಡಿದರೆ ಪ್ರವಾಸಿಗಳ ಕೆಲಸದಲ್ಲಿ ಬಹುಪಾಲು ಮಡಿಚುವ ಗರಗಸದಿಂದಲೇ ಮುಗಿಯುತ್ತದೆ. ಮುಂಗೈ ಗಾತ್ರದ ಕೊಂಬೆಯನ್ನು ಕೊಡಲಿ ಏಳೆಂಟು ಏಟಿಗೆ ಕಡಿದು ಚಕ್ಕೆ ಚೆಲ್ಲಿದರೆ, ಗರಗಸ ಸದ್ದಿಲ್ಲದೆ ನೇರವಾಗಿ ಕೊಯ್ಯುತ್ತದೆ. ದಣಿದ ಕೈ, ಮಸುಕು ಬೆಳಕು ಇದ್ದಾಗ ಕೊಡಲಿಯನ್ನು ಬೀಸುವುದಕ್ಕಿಂತ ಗರಗಸವನ್ನು ಎಳೆಯುವುದು ಎಷ್ಟೋ ಕ್ಷೇಮ.

ಜಪಾನಿನ ಗರಗಸಗಳು ಇದರಲ್ಲಿ ಪ್ರಸಿದ್ಧವಾದುವು. ಅವು ತಮ್ಮ ಕಡೆಗೆ ಎಳೆದಾಗ ಕೊಯ್ಯುತ್ತವೆ. ತಳ್ಳಿದಾಗ ತೆಳ್ಳನೆಯ ತಗಡು ಬಳುಕುತ್ತದೆ. ಎಳೆದಾಗ ತಂತಿಯಂತೆ ನೆಟ್ಟಗಾಗುತ್ತದೆ. ಆದ್ದರಿಂದಲೇ ಅವರ ಅಲಗು ಬಲು ತೆಳುವು, ಕೊಯ್ತ ಕಿರಿದು, ಶ್ರಮ ಕಡಿಮೆ. ಆದರೆ ಅವಸರದಿಂದ ಬಲವಾಗಿ ತಳ್ಳಿದರೆ ಅದೇ ಅಲಗು ಬಾಗಿ ಮುರಿಯುತ್ತದೆ. ಬಾಹ್ಕೋ ಸಂಸ್ಥೆಯ ಲ್ಯಾಪ್‌ಲೆಂಡರ್ ಎಂಬ ಗರಗಸ, ಸುಮಾರು 19 ಸೆಂಟಿಮೀಟರ್ ಅಲಗಿನದು, ಎಳೆದಾಗಲೂ ತಳ್ಳಿದಾಗಲೂ ಕೊಯ್ಯುತ್ತದೆ. ಹೊಸಬರ ಕೈಗೆ ಇದು ಹೊಂದುತ್ತದೆ. ಇಷ್ಟು ಅಲಗಿಗೆ 10 ಸೆಂಟಿಮೀಟರ್ ದಪ್ಪದ ಕೊಂಬೆ ಹಿತವಾದ ಮಿತಿ.

ಕೊಳ್ಳುವಾಗ ಮುಖ್ಯವಾಗಿ ಪರೀಕ್ಷಿಸಬೇಕಾದುದು ಅಗುಳಿ. ಬಿಚ್ಚಿದ ಅಲಗು ‘ಟಕ್’ ಎಂದು ಕುಳಿತು, ಅಲುಗಾಡದೆ ನಿಲ್ಲಬೇಕು. ಕೆಲಸದ ನಡುವೆ ಮಡಿಚಿಕೊಳ್ಳುವ ಗರಗಸ ಬೆರಳುಗಳನ್ನು ಉಳಿಸದು. ಹಸಿ ಮರಕ್ಕೆ ದೊಡ್ಡ ಹಲ್ಲು, ಒಣ ಮರಕ್ಕೆ ಸಣ್ಣ ಹಲ್ಲು ಎಂಬುದು ನಿಯಮ. ಈ ಗರಗಸಗಳಲ್ಲಿ ಅನೇಕವುಗಳ ಹಲ್ಲಿನ ತುದಿಯನ್ನು ವಿದ್ಯುತ್ತಿನಿಂದ ಕ್ಷಣಮಾತ್ರ ಕಾಯಿಸಿ ಅರವೂ ಹತ್ತದಷ್ಟು ಗಡುಸು ಮಾಡಿರುತ್ತಾರೆ. ಅವು ಬಹುಕಾಲ ಹರಿತವಾಗಿರುತ್ತವೆ. ಮೊಂಡಾದ ಮೇಲೆ ಮಸೆಯಲು ಬರುವುದಿಲ್ಲ. ಬದಲಿ ಅಲಗು ದೊರೆಯುವುದೇ ಎಂದು ಮೊದಲೇ ವಿಚಾರಿಸಿಕೊಳ್ಳಬೇಕು.

ಆಯುಧಕ್ಕೂ ಒಂದು ಮರ್ಯಾದೆ

ಕೊಡಲಿ ಕೈಯಲ್ಲಿದ್ದ ಮಾತ್ರಕ್ಕೆ ಕಾಡು ತನ್ನದಾಗುವುದಿಲ್ಲ. ಪರರ ನೆಲದಲ್ಲಿಯೂ ತಿರುಗಾಡುವ, ಡೇರೆ ಹಾಕುವ ಹಕ್ಕನ್ನು ಎಲ್ಲರಿಗೂ ಕೊಟ್ಟಿರುವ ಸ್ವೀಡನ್ನಿನಲ್ಲಿಯೂ ಜೀವಂತ ಮರದ ಕೊಂಬೆ ಮುರಿಯುವಂತಿಲ್ಲ. ಕರ್ನಾಟಕದಲ್ಲಿ 1963ರ ಅರಣ್ಯ ಕಾಯಿದೆಯೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೂ ಉಂಟು. ಕಾಯ್ದಿಟ್ಟ ಕಾಡಿನಲ್ಲಿ ಮರ ಕಡಿಯುವುದು ಅಪರಾಧ. ಈ ಉಪಕರಣಗಳಿಗೆ ಇಲ್ಲಿ ತಕ್ಕ ಸ್ಥಳ ಮನೆಯ ಹಿತ್ತಿಲು, ಸ್ವಂತ ತೋಟ. ಕೊಡಗು, ಚಿಕ್ಕಮಗಳೂರುಗಳಲ್ಲಿ ಕೊಯ್ಲಿನ ಅನಂತರ ಕಾಫಿ ಗಿಡ ಸವರುವ ಕೆಲಸ.

ಕೆಲಸ ಮುಗಿದೊಡನೆ ಬಾಯಿಯನ್ನು ಒರಸಿ ಎಣ್ಣೆ ಹಚ್ಚುವುದು, ಕಾವಿಗೆ ಆಗಾಗ ಅಗಸೆ ಎಣ್ಣೆ ಸವರುವುದು, ಒರೆಯಲ್ಲಿಟ್ಟು ಮಕ್ಕಳ ಕೈಗೆ ನಿಲುಕದಂತೆ ಇಡುವುದು—ಇಷ್ಟನ್ನು ಪಾಲಿಸಿದರೆ ಒಳ್ಳೆಯ ಕೊಡಲಿ ತಂದೆಯಿಂದ ಮಗನಿಗೆ ಬರುವಷ್ಟು ಬಾಳುತ್ತದೆ. ಮೊಂಡು ಕೊಡಲಿಯೇ ಹರಿತವಾದುದಕ್ಕಿಂತ ಅಪಾಯ, ಏಕೆಂದರೆ ಅದು ಮರವನ್ನು ಹೊಗದೆ ಜಾರುತ್ತದೆ. ಸಾಣೆಕಲ್ಲಿನ ಮುಂದೆ ಕಳೆದ ಕಾಲು ಗಂಟೆ ಎಂದಿಗೂ ನಷ್ಟವಲ್ಲ.

ಮುಂದಿನ ಸಲ ಅಂಗಡಿಯಲ್ಲಿ ಕೆಂಪು ಬಣ್ಣದ ಕಾವು, ಕನ್ನಡಿಯಂಥ ಅಲಗು ಕಣ್ಣು ಸೆಳೆದರೆ, ಕೊಳ್ಳುವವರು ಒಂದು ಗಳಿಗೆ ನಿಂತು ದೂರದ ಹಳ್ಳಿಯ ಆ ಕಮ್ಮಾರನನ್ನು ನೆನೆಯಲಿ. ಅವನ ಕೊಡಲಿ ಒರಟು, ಆದರೆ ಅದರ ಮೇಲೆ ಅವನ ಹೆಸರಿದೆ.