ಸವಾರನ ಮೈಯನ್ನು ಓದುವ ಕುದುರೆ

2023ರ ಸೆಪ್ಟೆಂಬರಿನಲ್ಲಿ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಡ್ರೆಸಾಜ್, ಅಂದರೆ ಸವಾರನ ಸೂಚನೆಯಂತೆ ಕುದುರೆ ಗೊತ್ತಾದ ನಡೆಗಳನ್ನು ಹಾಕುವ ಆಟದ ತಂಡ ಸ್ಪರ್ಧೆಯಲ್ಲಿ ಭಾರತ ಚಿನ್ನ ಗೆದ್ದಿತು. ಕುದುರೆ ಸವಾರಿಯಲ್ಲಿ ನಮಗೆ ಚಿನ್ನ ಸಿಕ್ಕಿದ್ದು 41 ವರ್ಷಗಳ ನಂತರ. ಶಿವಮೊಗ್ಗದ ರವೀಂದ್ರನಗರದ ಮನೆಗಳಲ್ಲಿ ಟಿವಿ ಮುಂದೆ ಕೂತು ಅದನ್ನು ನೋಡಿದವರಿಗೆ ಸವಾರರು ಏನೂ ಮಾಡದೆ ಸುಮ್ಮನೆ ಕೂತಂತೆ ಕಂಡಿರಬಹುದು. 60 ಮೀಟರ್ ಉದ್ದ, 20 ಮೀಟರ್ ಅಗಲದ ಅಂಕಣದಲ್ಲಿ ಕುದುರೆ ತಾನೇ ತಾನಾಗಿ ತಿರುಗುತ್ತದೆ, ನಿಲ್ಲುತ್ತದೆ, ಓರೆಯಾಗಿ ಹೆಜ್ಜೆ ಹಾಕುತ್ತದೆ. ಆದರೆ ಅಲ್ಲಿ ಮಾತುಕತೆ ಎಡೆಬಿಡದೆ ನಡೆದಿರುತ್ತದೆ, ಚರ್ಮದ ಮೂಲಕ.

ಮೈಮೇಲೆ ನೊಣ ಕೂತರೆ ಕುದುರೆ ಆ ಜಾಗದ ಚರ್ಮವನ್ನಷ್ಟೇ ಅದುರಿಸಿ ಓಡಿಸುತ್ತದೆ. ನಮ್ಮ ಮಲೆನಾಡು ಗಿಡ್ಡ ಹಸುಗಳಲ್ಲೂ ಇದನ್ನು ಕಾಣಬಹುದು. ನೊಣದ ಭಾರವನ್ನು ಗುರುತಿಸುವ ಚರ್ಮಕ್ಕೆ ಸವಾರನ ಸೊಂಟ ತುಸು ವಾಲಿದ್ದು, ಉಸಿರು ಬಿಗಿಯಾದದ್ದು ತಿಳಿಯದೆ ಇರುತ್ತದೆಯೇ?

ಕುದುರೆಯ ಕಣ್ಣೂ ಅಷ್ಟೇ ಸೂಕ್ಷ್ಮ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಬರ್ಲಿನ್ನಿನ ಹಾನ್ಸ್ ಎಂಬ ಕುದುರೆ ಲೆಕ್ಕ ಮಾಡುತ್ತದೆಂದು ಜನ ನಂಬಿದ್ದರು. ಉತ್ತರದ ಸಂಖ್ಯೆಯಷ್ಟು ಸಲ ಅದು ಗೊರಸು ಬಡಿಯುತ್ತಿತ್ತು. 1907ರಲ್ಲಿ ಮನಶ್ಶಾಸ್ತ್ರಜ್ಞ ಆಸ್ಕರ್ ಫಂಗ್ಸ್ಟ್ ಗುಟ್ಟು ಬಿಡಿಸಿದರು. ಸರಿಯಾದ ಸಂಖ್ಯೆ ಬಂದೊಡನೆ ಪ್ರಶ್ನೆ ಕೇಳಿದವರ ತಲೆ ಅವರಿಗೇ ಅರಿವಿಲ್ಲದೆ ಒಂದಿಷ್ಟು ಅಲುಗುತ್ತಿತ್ತು. ಹಾನ್ಸ್ ಅದನ್ನು ಕಂಡು ಬಡಿಯುವುದನ್ನು ನಿಲ್ಲಿಸುತ್ತಿತ್ತು. ನನ್ನ ಮಟ್ಟಿಗೆ ಇದು ಲೆಕ್ಕಕ್ಕಿಂತ ದೊಡ್ಡ ಜಾಣತನ.

ಕುದುರೆ ಕಲಿಯುವ ಬಗೆ ಸರಳ. ಸವಾರ ಕಾಲಿನಿಂದ ಪಕ್ಕೆಯನ್ನು ಮೆಲ್ಲಗೆ ಒತ್ತುತ್ತಾನೆ, ಕುದುರೆ ಹೆಜ್ಜೆ ಮುಂದಿಡುತ್ತದೆ, ಆ ಕ್ಷಣವೇ ಒತ್ತಡ ಬಿಡಬೇಕು. ಪಾಠ ಮನಸ್ಸಿಗೆ ನಾಟುವುದು ಒತ್ತಡ ಬಿಟ್ಟಾಗ. ಕುದುರೆ ಹೆಜ್ಜೆ ಇಟ್ಟ ಮೇಲೂ ಒತ್ತುತ್ತಲೇ ಇದ್ದರೆ, ತಾನು ಮಾಡಿದ್ದು ಸರಿಯೋ ತಪ್ಪೋ ಅದಕ್ಕೆ ತಿಳಿಯುವುದಿಲ್ಲ. ಹವ್ಯಾಸಿಗಳು ಎಡವುವುದು ಇಲ್ಲೇ. ಆಯ ತಪ್ಪಿದಾಗ ಲಗಾಮು ಜಗ್ಗಿ ಹಿಡಿದು, ಹಿಮ್ಮಡಿಯಿಂದ ಪಕ್ಕೆಯನ್ನೂ ಒತ್ತುತ್ತಾರೆ. ಅಂದರೆ ಒಂದೇ ಉಸಿರಿನಲ್ಲಿ ‘ನಿಲ್ಲು’, ‘ನಡೆ’ ಎರಡನ್ನೂ ಹೇಳುತ್ತಾರೆ. ಸವಾರಿ ಶಾಲೆಯ ಕುದುರೆಗೆ ಇದು ದಿನನಿತ್ಯದ ಪಾಡು. ಗಂಟೆಗೊಬ್ಬರು ಬೆನ್ನೇರುತ್ತಾರೆ, ಅರ್ಥವಿಲ್ಲದ ಒತ್ತಡ ಮುಗಿಯುವುದೇ ಇಲ್ಲ. ಕೊನೆಗೆ ಅದು ಒತ್ತಡಕ್ಕೆ ಸ್ಪಂದಿಸುವುದನ್ನೇ ಬಿಡುತ್ತದೆ. ಜನ ಅದನ್ನು ಮೊಂಡು ಕುದುರೆ ಎನ್ನುತ್ತಾರೆ. ಇದು ಅನ್ಯಾಯದ ಮಾತು.

ಡ್ರೆಸಾಜ್‌ಗೆ ಮೈಬಲ ಬೇಡ ಎಂಬುದಕ್ಕೆ ಡೆನ್ಮಾರ್ಕಿನ ಲಿಸ್ ಹಾರ್ಟೆಲ್ ಸಾಕ್ಷಿ. ಪೋಲಿಯೊದಿಂದ ಮೊಣಕಾಲ ಕೆಳಗೆ ಸ್ವಾಧೀನ ಕಳೆದುಕೊಂಡಿದ್ದ ಅವರು 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಜುಬಿಲಿ ಎಂಬ ಹೆಣ್ಣುಕುದುರೆಯ ಮೇಲೆ ಬೆಳ್ಳಿ ಗೆದ್ದರು. ಅದಕ್ಕೆ ಮುಂಚೆ ಒಲಿಂಪಿಕ್ಸ್ ಡ್ರೆಸಾಜ್ ಮಹಿಳೆಯರಿಗೆ ತೆರೆದಿರಲೇ ಇಲ್ಲ. ಕರ್ನಾಟಕದವರಿಗೆ ಹತ್ತಿರದ ಹೆಸರು ಬೆಂಗಳೂರಿನ ಫವಾದ್ ಮಿರ್ಜಾ. ಡ್ರೆಸಾಜನ್ನೂ ಒಳಗೊಂಡ ಇವೆಂಟಿಂಗ್ ಸ್ಪರ್ಧೆಯಲ್ಲಿ, 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಅವರಿಗೆ 23ನೇ ಸ್ಥಾನ ಬಂತು.

ಶಿವಮೊಗ್ಗ, ಭದ್ರಾವತಿಗಳಿಂದ ಓದಿಗೋ ಕೆಲಸಕ್ಕೋ ಬೆಂಗಳೂರು ಸೇರುವ ಹುಡುಗ ಹುಡುಗಿಯರು ಭಾನುವಾರದ ಸವಾರಿ ಪಾಠಕ್ಕೆ ಹೋಗುವುದಿದ್ದರೆ ಒಂದು ಮಾತು ಕೇಳಿ. ಮೊದಲ ಪಾಠಗಳಲ್ಲಿ ಕೈಗೆ ಲಗಾಮು ಬೇಡವೆನ್ನಿ. ತರಬೇತುದಾರರು ಉದ್ದ ಹಗ್ಗದಲ್ಲಿ ಕುದುರೆಯನ್ನು ಸುತ್ತು ಹಾಕಿಸುತ್ತಿರಲಿ, ನೀವು ಕೂರುವುದನ್ನಷ್ಟೇ ಕಲಿಯಿರಿ.