ಎರಡು ಸಾಲಿನ ಸೂಚನೆ: ಕೊನೆಯ ‘ಇಲ್ಲ’ ಕಾಣದೆ ಹೋಗದಿರಲಿ

“ಮಳೆಯ ಕಾರಣ ನಾಳೆ ಮಕ್ಕಳನ್ನು ಶಾಲೆಗೆ ಕಳುಹಿಸಬೇಕಾಗಿಲ್ಲ.” ಶಾಲೆಯೊಂದರ ಆ್ಯಪ್‌ನಿಂದ ಪೋಷಕರ ಮೊಬೈಲಿಗೆ ಇಂಥದೊಂದು ಸಂದೇಶ ಹೊರಟಿತೆಂದು ಭಾವಿಸೋಣ. ಪರದೆಯ ಮೇಲೆ ಜಾಗ ಸಾಲದೆ, “ಮಳೆಯ ಕಾರಣ ನಾಳೆ ಮಕ್ಕಳನ್ನು ಶಾಲೆಗೆ ಕಳುಹಿಸಬೇಕಾಗಿ…” ಎಂದಷ್ಟೇ ಕಂಡರೆ ಓದಿದವರು ಏನೆಂದು ತಿಳಿಯಬೇಕು? ಕಳುಹಿಸಬೇಕಾಗಿದೆಯೋ, ಕಳುಹಿಸಬೇಕಾಗಿಲ್ಲವೋ?

ಕನ್ನಡ ವಾಕ್ಯದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ಕೊನೆಗೆ ಬರುತ್ತದೆ. ಬೇಕು, ಬೇಡ, ಇದೆ, ಇಲ್ಲ ಎಂಬ ನಿರ್ಣಯವೂ ಅಲ್ಲಿಯೇ ಇರುತ್ತದೆ. ಮೊಬೈಲು ಕತ್ತರಿಸುವುದೂ ಕೊನೆಯನ್ನೇ. ಆದ್ದರಿಂದ ಆ್ಯಪ್‌ನ ಸೂಚನೆ, ಅಂದರೆ ನೋಟಿಫಿಕೇಶನ್, ಹೇಗೆ ಕಾಣಬೇಕೆಂದು ವಿನ್ಯಾಸಗೊಳಿಸುವ ಕೆಲಸವನ್ನು ಬರಿಯ ಅಲಂಕಾರವೆಂದು ತಿಳಿಯಲಾಗದು. ಗಡಿನಾಡಿನ ಕನ್ನಡ ಮನೆಗಳಿಗೆ ಅದು ತಿಳಿವಳಿಕೆಯ ಪ್ರಶ್ನೆ. ಶಾಲೆಗಳಿಗೆ ಆ್ಯಪ್ ಸಿದ್ಧಪಡಿಸುವ ತರುಣರೂ ಸಂದೇಶ ಬರೆಯುವ ಶಿಕ್ಷಕರೂ ಅರಿತಿರಬೇಕಾದ ಕೆಲವು ಸಂಗತಿಗಳನ್ನು ಇಲ್ಲಿ ವಿವರಿಸಲಾಗಿದೆ.

ಸೂಚನೆಗೆ ದೊರೆಯುವ ಜಾಗ

2012ರಲ್ಲಿ ಬಂದ ಆಂಡ್ರಾಯ್ಡ್ 4.1 ಆವೃತ್ತಿಯಲ್ಲಿ ಎರಡು ಸೌಲಭ್ಯಗಳು ಒಟ್ಟಿಗೆ ದೊರೆತವು. ಒಂದು, ಎಳೆದು ಹಿಗ್ಗಿಸಬಹುದಾದ ಸೂಚನೆ. ಇನ್ನೊಂದು, ಕನ್ನಡ, ತೆಲುಗು, ಮಲಯಾಳಂ ಲಿಪಿಗಳಿಗೆ ಬೆಂಬಲ. ಅಂದಿನಿಂದ ಒಂದೇ ಸೂಚನೆಗೆ ಮಡಚಿದ ರೂಪ, ಬಿಚ್ಚಿದ ರೂಪ ಎಂಬ ಎರಡು ರೂಪಗಳಿವೆ. ತುರ್ತು ಸಂದೇಶ ಪರದೆಯ ಮೇಲ್ಭಾಗದಲ್ಲಿ ಕ್ಷಣಕಾಲ ಇಣುಕುವುದು ಮೂರನೆಯ ರೂಪ.

ಆ್ಯಪ್ ತಯಾರಕರು ತಮ್ಮದೇ ವಿನ್ಯಾಸವನ್ನು ಕೂಡಿಸುವಾಗ ಮಡಚಿದ ರೂಪಕ್ಕೆ 64 ಡಿಪಿ, ಬಿಚ್ಚಿದ ರೂಪಕ್ಕೆ 256 ಡಿಪಿ ಎತ್ತರವೆಂಬುದು ಬಹುಕಾಲದಿಂದ ಬಂದ ಸಾಮಾನ್ಯ ಮಿತಿ. 160 ಡಿಪಿ ಎಂದರೆ ಸುಮಾರು ಒಂದು ಅಂಗುಲ. ಆ ಲೆಕ್ಕದಲ್ಲಿ ಮಡಚಿದ ಸೂಚನೆಗೆ ಸಿಗುವುದು ಒಂದು ಸೆಂಟಿಮೀಟರ್, ಬಿಚ್ಚಿದ ಸೂಚನೆಗೆ ನಾಲ್ಕು ಸೆಂಟಿಮೀಟರ್. 2021ರ ಆಂಡ್ರಾಯ್ಡ್ 12ರಿಂದ ಈಚೆಗೆ, ಆ ಆವೃತ್ತಿಗೆ ಹೊಂದಿಸಿದ ಆ್ಯಪ್‌ಗಳ ಸೂಚನೆಗೆ ಮೊಬೈಲೇ ತನ್ನ ಚೌಕಟ್ಟನ್ನು ತೊಡಿಸುತ್ತದೆ. ಲಾಂಛನ, ಆ್ಯಪ್‌ನ ಹೆಸರು, ಬಿಚ್ಚುವ ಗುಂಡಿ ಇವೆಲ್ಲ ಆ ಚೌಕಟ್ಟಿನ ಪಾಲು. ಉಳಿದ ಜಾಗವಷ್ಟೇ ವಿನ್ಯಾಸಕಾರರದು. ಅಲ್ಲಿಯೂ ಎಲ್ಲ ಬಗೆಯ ಅಂಗಗಳನ್ನು ಇಡಲಾಗದು. ಬರಹ, ಚಿತ್ರ, ಗುಂಡಿ, ಪ್ರಗತಿಪಟ್ಟಿ ಮೊದಲಾದ ಕೆಲವಕ್ಕೆ ಮಾತ್ರ ಅನುಮತಿ.

ಸಂದೇಶ ಬರಿಯ ಬರಹವಾಗಿದ್ದರೆ ಸ್ವಂತ ವಿನ್ಯಾಸದ ಅಗತ್ಯವೇ ಬೀಳದು. ‘ಬಿಗ್ ಟೆಕ್ಸ್ಟ್ ಸ್ಟೈಲ್’ ಎಂಬ ಸಿದ್ಧ ಮಾದರಿ ಬಿಚ್ಚಿದಾಗ ಹಲವು ಸಾಲುಗಳನ್ನು ತೋರಿಸುತ್ತದೆ. ವೇಳಾಪಟ್ಟಿ, ಎರಡು ಭಾಷೆಗಳ ಅಕ್ಕಪಕ್ಕದ ಬರಹ ಮುಂತಾದವು ಬೇಕಾದಾಗ ಮಾತ್ರ ಸ್ವಂತ ವಿನ್ಯಾಸಕ್ಕೆ ಕೈಹಾಕುವುದು ಲೇಸು. ಆಗಲೂ 2016ರಲ್ಲಿ ಆಂಡ್ರಾಯ್ಡ್ 7ರೊಡನೆ ಬಂದ ‘ಡೆಕೊರೇಟೆಡ್ ಕಸ್ಟಮ್ ವ್ಯೂ ಸ್ಟೈಲ್’ ಬಳಸಿದರೆ ಮೊಬೈಲಿನ ಚೌಕಟ್ಟಿಗೂ ನಮ್ಮ ವಿನ್ಯಾಸಕ್ಕೂ ಘರ್ಷಣೆ ಇರುವುದಿಲ್ಲ.

ಒತ್ತಕ್ಷರಕ್ಕೆ ತಕ್ಕ ಎತ್ತರ

ಕನ್ನಡದ ಅಕ್ಷರ ಸಾಲಿನ ಮೇಲೂ ಬೆಳೆಯುತ್ತದೆ, ಕೆಳಗೂ ಇಳಿಯುತ್ತದೆ. ‘ರಾಷ್ಟ್ರೀಯ’, ‘ಸ್ವಾತಂತ್ರ್ಯ’ ಎಂಬ ಪದಗಳಲ್ಲಿ ಒತ್ತಿನ ಕೆಳಗೆ ಮತ್ತೊಂದು ಒತ್ತು. ಇಂಗ್ಲಿಷ್ ಅಕ್ಷರದ ಅಳತೆಗೆ ಸಾಲಿನ ಎತ್ತರವನ್ನು ಬಿಗಿದರೆ ಈ ಒತ್ತುಗಳ ಕಾಲು ಕತ್ತರಿಸಿಹೋಗುತ್ತದೆ. ತಮಿಳು ಲಿಪಿಯಲ್ಲಿ ಒತ್ತಕ್ಷರಗಳ ಈ ಪೇರಿಕೆ ಇಲ್ಲ. ವ್ಯಂಜನದ ಮೇಲೊಂದು ಚುಕ್ಕಿ ಇಟ್ಟು ಮುಂದಿನ ಅಕ್ಷರವನ್ನು ಪಕ್ಕದಲ್ಲಿ ಬರೆಯುತ್ತಾರೆ. ತಮಿಳಿನಲ್ಲಿ ಸರಿಯಾಗಿ ಕಂಡ ವಿನ್ಯಾಸ ಕನ್ನಡದಲ್ಲಿಯೂ ಸರಿಯಿರುತ್ತದೆಂದು ನಂಬುವಂತಿಲ್ಲ.

ಇಂಥ ಎತ್ತರದ ಲಿಪಿಗಳನ್ನು ಸಾಲಿನಲ್ಲಿ ಹಿಡಿಸಲು ಆಂಡ್ರಾಯ್ಡ್ ಅಡಕಗೊಳಿಸಿದ ಅಕ್ಷರರೂಪವನ್ನು ಬಳಸುವ ಪದ್ಧತಿ ಇತ್ತು. 2024ರ ಆಂಡ್ರಾಯ್ಡ್ 15 ಇದನ್ನು ಬದಲಿಸಿತು. ಆ ಆವೃತ್ತಿಗೆ ಹೊಂದಿಸಿದ ಆ್ಯಪ್‌ಗಳಲ್ಲಿ ‘ಎಲಿಗೆಂಟ್ ಟೆಕ್ಸ್ಟ್ ಹೈಟ್’ ಎಂಬ ಗುಣ ತಾನಾಗಿಯೇ ಜಾರಿಯಲ್ಲಿರುತ್ತದೆ. ಅಕ್ಷರಗಳು ತಮ್ಮ ಸಹಜ ಎತ್ತರದಲ್ಲಿ ಮೂಡುತ್ತವೆ. ಈ ಬದಲಾವಣೆಗೆ ವಿನ್ಯಾಸಗಳನ್ನು ಹೊಂದಿಸಿಕೊಳ್ಳಬೇಕಾದ ಲಿಪಿಗಳ ಪಟ್ಟಿಯಲ್ಲಿ ಕನ್ನಡ, ತಮಿಳು, ಮಲಯಾಳಂ, ತೆಲುಗು ನಾಲ್ಕೂ ಇವೆ. ಹಳೆಯ ಮೊಬೈಲುಗಳಿಗಾಗಿ ಈ ಗುಣವನ್ನು ವಿನ್ಯಾಸದ ಕಡತದಲ್ಲಿಯೇ ಬರೆದಿಡಬಹುದು. ಬರಹದ ಪೆಟ್ಟಿಗೆಗೆ ಇಷ್ಟೇ ಎತ್ತರವೆಂದು ಅಂಕೆ ನಮೂದಿಸದೆ, ಬರಹಕ್ಕೆ ತಕ್ಕಂತೆ ಬೆಳೆಯಲು ಬಿಡುವುದು ಅದಕ್ಕಿಂತ ಮುಖ್ಯ.

ಇನ್ನೊಂದು ತಪ್ಪು ಅಕ್ಷರಗಳನ್ನು ಎಣಿಸಿ ಕತ್ತರಿಸುವುದು. ‘ಸ್ತ್ರೀ’ ಎಂಬುದು ನಮ್ಮ ಕಣ್ಣಿಗೆ ಒಂದೇ ಅಕ್ಷರ. ಯುನಿಕೋಡ್ ಲೆಕ್ಕದಲ್ಲಿ ಅದು ಆರು ಸಂಕೇತಗಳ ಸರಣಿ. ಮೂವತ್ತು ಸಂಕೇತಗಳಾದ ಮೇಲೆ ಕತ್ತರಿಸೆಂದು ಆದೇಶವಿತ್ತರೆ ಯಂತ್ರವು ಅಕ್ಷರದ ನಡುವೆಯೇ ಕತ್ತರಿ ಆಡಿಸುತ್ತದೆ. ಉಳಿಯುವುದು ಅರ್ಧ ಅಕ್ಷರ. ಇದನ್ನೆಲ್ಲ ತಪ್ಪಿಸಲು ಬರಹವನ್ನು ಚಿತ್ರವನ್ನಾಗಿ ಮಾಡಿ ಕಳುಹಿಸುವವರಿದ್ದಾರೆ. ಚಿತ್ರದೊಳಗಿನ ಅಕ್ಷರ ಓದುಗರು ಆರಿಸಿಕೊಂಡ ಗಾತ್ರಕ್ಕೆ ಹಿಗ್ಗುವುದಿಲ್ಲ; ದೃಷ್ಟಿದೋಷವುಳ್ಳವರಿಗೆ ಮೊಬೈಲು ಅದನ್ನು ಸೂಚನೆಯ ಬರಹದಂತೆ ಓದಿ ಹೇಳುವುದೂ ಇಲ್ಲ.

ಕಂಬಂ ಕಣಿವೆಯ ಮನೆಗಳಿಗೆ

ಹೊಸೂರು, ತಾಳವಾಡಿ ಕಡೆಗಳಲ್ಲಿ ಕನ್ನಡ ಮಾಧ್ಯಮದ ಶಾಲೆಗಳಿವೆ. ಅಲ್ಲಿಯ ಮಕ್ಕಳಿಗೆ ಕನ್ನಡ ಲಿಪಿ ಪರಿಚಿತ. ತೇನಿ, ಕಂಬಂ ಕಣಿವೆ, ದಿಂಡಿಗಲ್ ಭಾಗದ ಸ್ಥಿತಿ ಬೇರೆ. ಕಪ್ಪಿಲಿಯರ್, ಅನುಪ್ಪರ್ ಮೊದಲಾದ ಸಮುದಾಯಗಳ ಮನೆಮಾತು ತಲೆಮಾರುಗಳಿಂದ ಕನ್ನಡವಾದರೂ ಓದುಬರಹ ಬಹುಮಟ್ಟಿಗೆ ತಮಿಳಿನಲ್ಲಿಯೇ ನಡೆದಿದೆ. ಅಲ್ಲಿಯ ತಾಯಿಗೆ ಕನ್ನಡದ ಮಾತು ಅರ್ಥವಾಗುತ್ತದೆ. ಕನ್ನಡದ ಅಕ್ಷರ ಓದಲು ಬಾರದಿರಬಹುದು. ಕಣಿವೆಯಿಂದ ಏಲಕ್ಕಿ ತೋಟಗಳಿಗೆ ಜೀಪಿನಲ್ಲಿ ಬೆಟ್ಟ ಹತ್ತಿ ದುಡಿಯಲು ಹೋಗುವವರಿಗೆ ಆ್ಯಪ್ ತೆರೆದು ಓದುವ ಬಿಡುವಾದರೂ ಎಲ್ಲಿದೆ? ಪರದೆಯ ಮೇಲೆ ಒಮ್ಮೆ ಕಣ್ಣಾಡಿಸಿದಾಗ ಕಂಡಷ್ಟೇ ಅವರಿಗೆ ಸಂದೇಶ.

ಕನ್ನಡವನ್ನು ತಮಿಳು ಅಕ್ಷರಗಳಲ್ಲಿ ಬರೆದರಾಯಿತೆನ್ನಬಹುದು. ಚಿಕ್ಕ ಸಂದೇಶಕ್ಕೆ ಅದು ನಡೆದೀತು. ಆದರೆ ತಮಿಳು ಲಿಪಿ ಕ-ಗ, ತ-ದ, ಪ-ಬಗಳಿಗೆ ಒಂದೊಂದೇ ಅಕ್ಷರವನ್ನು ಬಳಸುವುದರಿಂದ ‘ಗಡಿ’ಯೂ ‘ಕಡಿ’ಯೂ ಒಂದೇ ಬಗೆಯಲ್ಲಿ ಕಾಣುತ್ತವೆ. ಮಡಚಿದ ರೂಪದಲ್ಲಿ ಕನ್ನಡದ ಒಂದು ಸಾಲು, ತಮಿಳಿನ ಒಂದು ಸಾಲು. ಬಿಚ್ಚಿದ ರೂಪದಲ್ಲಿ ಎರಡೂ ಭಾಷೆಗಳ ಪೂರ್ಣ ವಿವರ. ಜೊತೆಗೆ ‘ಕೇಳಿ’ ಎಂಬ ಗುಂಡಿ ಒತ್ತಿದರೆ ಶಿಕ್ಷಕರ ದನಿಯಲ್ಲಿಯೇ ಕನ್ನಡದ ಮಾತು. ಈ ಏರ್ಪಾಡು ಹೆಚ್ಚು ಉಪಯುಕ್ತ. ಒಂದು ಸೂಚನೆಯಲ್ಲಿ ಮೂರು ಗುಂಡಿಗಳವರೆಗೆ ಅವಕಾಶವಿದೆ. ಇಂಥ ಸಂದೇಶಗಳನ್ನು ಸಾಗಿಸುವ ಗೂಗಲ್‌ನ ಸೇವೆಯ ಮಿತಿ 4096 ಬೈಟ್. ಕನ್ನಡ, ತಮಿಳುಗಳ ಪ್ರತಿ ಸಂಕೇತಕ್ಕೂ 3 ಬೈಟ್ ಬೇಕು. ಅಂದರೆ ಸಾವಿರಕ್ಕೂ ಮಿಕ್ಕ ಸಂಕೇತಗಳು ಹಿಡಿಯುತ್ತವೆ. ಎರಡು ಭಾಷೆಗಳಿಗೆ ಅದು ಧಾರಾಳ. ದನಿಯ ಕಡತವನ್ನು ಆ್ಯಪ್ ಬೇರೆಯಾಗಿ ತರಿಸಿಕೊಳ್ಳಬೇಕು.

ಬರೆಯುವವರು ನೆನಪಿಡಬೇಕಾದುದು

ವಿನ್ಯಾಸ ಎಷ್ಟೇ ಚೆನ್ನಾಗಿದ್ದರೂ ಬರೆಯುವ ಕೈ ಸಹಕರಿಸಬೇಕು. “ಮಾನ್ಯ ಪೋಷಕರ ಗಮನಕ್ಕೆ ತರಬಯಸುವುದೇನೆಂದರೆ” ಎಂಬ ಸುತ್ತೋಲೆಯ ಪೀಠಿಕೆಗೇ ಮಡಚಿದ ಸೂಚನೆಯ ಸಾಲು ಮುಗಿದುಹೋಗುತ್ತದೆ. ನಿರ್ಣಯದ ಪದ ಮೊದಲು ಬರಲಿ: “ನಾಳೆ ರಜೆ: ಭಾರೀ ಮಳೆ.” “ನಾಳೆ ಕೊನೆಯ ದಿನ: ವಿದ್ಯಾರ್ಥಿವೇತನದ ಅರ್ಜಿ.” ಹೀಗೆ ಬರೆದರೆ ಸಾಲು ಎಲ್ಲಿ ತುಂಡಾದರೂ ಅರ್ಥ ಕೆಡುವುದಿಲ್ಲ. ಮರ್ಯಾದೆಯ ಮಾತು, ಕಾರಣ, ವಿವರಗಳಿಗೆ ಬಿಚ್ಚಿದ ರೂಪದಲ್ಲಿ ಜಾಗವಿದೆ.

ಶಾಲೆಯ ಆ್ಯಪ್ ಬಳಕೆಗೆ ಬರುವ ಮುನ್ನ ಮೂರು ಪರೀಕ್ಷೆಗಳನ್ನು ಯಾರಾದರೂ ಮಾಡಬಹುದು. ‘ರಾಷ್ಟ್ರೀಯ’, ‘ವಿದ್ಯಾರ್ಥಿ’, ‘ಸ್ವಾತಂತ್ರ್ಯ’ ಪದಗಳಿರುವ ಸಂದೇಶ ಕಳುಹಿಸಿ ಒತ್ತುಗಳು ಪೂರ್ಣವಾಗಿ ಕಾಣುತ್ತವೆಯೇ ಎಂದು ನೋಡುವುದು. ಅಕ್ಷರದ ಗಾತ್ರವನ್ನು ಗರಿಷ್ಠಕ್ಕೆ ಏರಿಸಿ ಮತ್ತೊಮ್ಮೆ ನೋಡುವುದು. 2023ರ ಆಂಡ್ರಾಯ್ಡ್ 14ರಿಂದ ಗಾತ್ರವನ್ನು ಶೇ. 200ರವರೆಗೆ ಹೆಚ್ಚಿಸಬಹುದು, ಕಣ್ಣು ಮಂಜಾದ ಅಜ್ಜ-ಅಜ್ಜಿಯರ ಮೊಬೈಲಿನಲ್ಲಿ ಅಕ್ಷರ ದೊಡ್ಡದಾಗಿಯೇ ಇರುತ್ತದೆ. ಕೊನೆಯದಾಗಿ, ಬೀಗ ಹಾಕಿದ ಪರದೆಯ ಮೇಲೆ ಕಾಣುವಷ್ಟನ್ನು ಮಾತ್ರ ಮನೆಯ ಹಿರಿಯರೊಬ್ಬರಿಗೆ ತೋರಿಸಿ, ‘ನಾಳೆ ಶಾಲೆ ಉಂಟೋ, ಇಲ್ಲವೋ?’ ಎಂದು ಕೇಳುವುದು. ಅವರು ತಡವರಿಸಿದರೆ ಆ ಸೂಚನೆಯನ್ನು ಮತ್ತೆ ಬರೆಯಬೇಕು.