ಒಂದೇ ಮಾತ್ರೆಯಲ್ಲಿ ಐದು ಮದ್ದು

ಯಲಹಂಕ ನ್ಯೂಟೌನಿನ ಮೆಡಿಕಲ್ ಸ್ಟೋರ್ ಒಂದರ ಮುಂದೆ ಸಂಜೆ ಹತ್ತು ನಿಮಿಷ ನಿಂತು ನೋಡಿ. ಅರವತ್ತು ದಾಟಿದವರು ಚಾಚುವ ಚೀಟಿಗಳಲ್ಲಿ ಬಿ.ಪಿ.ಗೆ ರಾಮಿಪ್ರಿಲ್, ಎದೆಬಡಿತ ಹತೋಟಿಗೆ ಅಟೆನೊಲಾಲ್, ಕೊಲೆಸ್ಟರಾಲ್‌ಗೆ ಸ್ಟ್ಯಾಟಿನ್, ರಕ್ತ ಹೆಪ್ಪುಗಟ್ಟದಿರಲೆಂದು ಆಸ್ಪಿರಿನ್ ಹೀಗೆ ಒಂದೆರಡಾದರೂ ಇರುತ್ತವೆ. ಈ ಮಾತ್ರೆಗಳ ಚರಿತ್ರೆಯಲ್ಲಿ ಬೆಂಗಳೂರಲ್ಲಿ ಓದಿದ ವೈದ್ಯರೊಬ್ಬರ ಹೆಸರು ಮತ್ತೆ ಮತ್ತೆ ಬರುತ್ತದೆ: ಸಲೀಂ ಯೂಸುಫ್.

ಹುಟ್ಟಿದ್ದು 1952ರಲ್ಲಿ, ಕೇರಳದ ಕೊಟ್ಟಾರಕ್ಕರದಲ್ಲಿ. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಓದು ಮುಗಿಸಿ, ರೋಡ್ಸ್ ವಿದ್ಯಾರ್ಥಿವೇತನ ಪಡೆದು ಆಕ್ಸ್‌ಫರ್ಡ್ ಸೇರಿದರು. ಅಲ್ಲಿ ಅವರಿದ್ದ ತಂಡ ಹೃದಯಾಘಾತವಾದ ಕೆಲವೇ ಗಂಟೆಗಳಲ್ಲಿ ಅಟೆನೊಲಾಲ್ ಕೊಟ್ಟರೆ ಉಪಯೋಗವೇ ಎಂದು ಪರೀಕ್ಷಿಸಿತು, ಅದೂ 16,000 ರೋಗಿಗಳ ಮೇಲೆ. ಅಷ್ಟು ಜನ ಯಾಕೆ? ಮೊದಲ ವಾರದ ಸಾವು ಶೇ 4.6ರಿಂದ 3.9ಕ್ಕೆ ಇಳಿಯಿತು, ಅಷ್ಟೆ. ಇನ್ನೂರು ರೋಗಿಗಳಲ್ಲಾದರೆ ಒಂಬತ್ತು ಸಾವು ಎಂಟಾಗುತ್ತದೆ. ಉಳಿದ ಆ ಒಬ್ಬನನ್ನು ಮದ್ದು ಕಾಪಾಡಿತೋ, ಹಣೆಬರಹವೋ? ಸಾವಿರಗಟ್ಟಲೆ ಜನರನ್ನು ಎಣಿಸಿದಾಗಲೇ ಹಣೆಬರಹ ಪಕ್ಕಕ್ಕೆ ಸರಿಯುವುದು. ಯೂಸುಫರ ವೃತ್ತಿಜೀವನವೆಲ್ಲ ಈ ಎಣಿಕೆಯೇ.

ಅಮೆರಿಕದಲ್ಲಿ ಕೆಲವು ವರ್ಷ ಕಳೆದು 1992ರಲ್ಲಿ ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯ ಸೇರಿದರು. 2000ದಲ್ಲಿ ಪ್ರಕಟವಾದ ಅವರ 'ಹೋಪ್' ಅಧ್ಯಯನ ರಾಮಿಪ್ರಿಲ್ ಗೆದ್ದಿತೆಂದೂ ವಿಟಮಿನ್ ಇ ಸೋತಿತೆಂದೂ ತೋರಿಸಿತು. (ವಿಟಮಿನ್ ಇ ನುಂಗುವವರು ಮಾತ್ರ ಇಂದಿಗೂ ನುಂಗುತ್ತಲೇ ಇದ್ದಾರೆ.)

ನನಗೆ ಹೆಚ್ಚು ಇಷ್ಟವಾಗುವುದು ಇದಕ್ಕೂ ಮೊದಲಿನ, ತೀರಾ ಚಿಕ್ಕದೊಂದು ಕೆಲಸ. ಸೇಂಟ್ ಜಾನ್ಸ್‌ನ ಡಾ. ಪ್ರೇಮ್ ಪೈಸ್ ಮತ್ತು ಯೂಸುಫರ ತಂಡ ಬೆಂಗಳೂರಿನಲ್ಲಿ ಮೊದಲ ಸಲ ಹೃದಯಾಘಾತವಾದ 200 ಮಂದಿಯನ್ನು, ಆಗದ 200 ಮಂದಿಯ ಜತೆ ಹೋಲಿಸಿತು. ದಿನಕ್ಕೆ ಹತ್ತು ಅಥವಾ ಹೆಚ್ಚು ಬೀಡಿ, ಸಿಗರೇಟು ಸೇದುವವರಲ್ಲಿ ಅಪಾಯ ಆರೇಳು ಪಟ್ಟು! 1996ರಲ್ಲಿ 'ಲ್ಯಾನ್ಸೆಟ್' ಇದನ್ನು ಪ್ರಕಟಿಸಿತು. ಇದೇ ಪ್ರಶ್ನೆಯನ್ನು 'ಇಂಟರ್‌ಹಾರ್ಟ್' ಅಧ್ಯಯನ 52 ದೇಶಗಳಲ್ಲಿ ಕೇಳಿತು. ತಂಬಾಕು, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಹೊಟ್ಟೆಯ ಬೊಜ್ಜು, ಮನಸ್ಸಿನ ಒತ್ತಡ ಮುಂತಾದ ಒಂಬತ್ತೇ ಕಾರಣಗಳು ಶೇ 90ರಷ್ಟು ಹೃದಯಾಘಾತಗಳ ಹಿಂದಿವೆ ಎಂಬುದು 2004ರಲ್ಲಿ ಸಿಕ್ಕ ಉತ್ತರ. ದಕ್ಷಿಣ ಏಷ್ಯಾದವರಿಗೆ ಮೊದಲ ಆಘಾತ ಸರಾಸರಿ 53ಕ್ಕೇ ಬರುತ್ತದೆ. ಉಳಿದವರಿಗೆ ಸುಮಾರು 59ಕ್ಕೆ.

ಕಾರಣ ಇಷ್ಟು ಸಾಮಾನ್ಯವಾದರೆ ಮದ್ದೂ ಸರಳವಾಗಿರಬೇಡವೇ? ಬಿ.ಪಿ.ಯ ಮೂರು ಔಷಧ, ಸ್ಟ್ಯಾಟಿನ್, ಆಸ್ಪಿರಿನ್ ಒಟ್ಟುಗೂಡಿದ 'ಪಾಲಿಪಿಲ್' ಅನ್ನು ದೇಶದ 50 ಕೇಂದ್ರಗಳಲ್ಲಿ 2,053 ಜನರ ಮೇಲೆ ಪರೀಕ್ಷಿಸಿದ ಅಧ್ಯಯನ 2009ರಲ್ಲಿ ಹೊರಬಂತು. ಅದನ್ನು ನಡೆಸಿದ್ದು ಬೆಂಗಳೂರಿನ ಸೇಂಟ್ ಜಾನ್ಸ್. ಮುಂದೆ ಹಲವು ದೇಶಗಳ 5,713 ಜನರಲ್ಲಿ, ಆಸ್ಪಿರಿನ್ ಇಲ್ಲದ ಪಾಲಿಪಿಲ್ ಮತ್ತು ಪ್ರತ್ಯೇಕವಾಗಿ ಆಸ್ಪಿರಿನ್ ಎರಡನ್ನೂ ಪಡೆದವರಲ್ಲಿ ಹೃದಯ, ರಕ್ತನಾಳದ ಅವಘಡಗಳು ಶೇ 5.8ರ ಬದಲು 4.1 ಆದವು.

ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಇಂಥ ಮಾತ್ರೆಗಳನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿದೆ. ಆಸ್ಪಿರಿನ್‌ನಿಂದ ರಕ್ತಸ್ರಾವದ ಅಪಾಯವೂ ಉಂಟು. ಮೆಡಿಕಲ್ ಸ್ಟೋರಿನವರನ್ನಲ್ಲ, ನಿಮ್ಮ ಡಾಕ್ಟರನ್ನು ಕೇಳಿಯೇ ತೆಗೆದುಕೊಳ್ಳಿ.